ಗುರಮ್ಮ ಗಂಡನ ಹೆಸರು ಹೇಳಿದ್ದು

ಆಗಿನ ಬೀದರಿನಲ್ಲಿ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಜೀವ ಹೋದರೂ ಹೇಳುತ್ತಿರಲಿಲ್ಲ! ಚೌಬಾರಾ ಚೌಕದ ಗದ್ದಲದಲ್ಲಿ ಗಂಡ ತಪ್ಪಿಸಿಕೊಂಡರೆ ‘ಏನ್ರೀ, ಇಲ್ಲಿ ನೋಡ್ರೀ’ ಎಂದು ಕೂಗುವರು. ರಸ್ತೆಯ ಗಂಡಸರೆಲ್ಲ ಒಮ್ಮೆಗೇ ತಿರುಗುವರು. ಈಗ ನೆನೆದರೆ ನಗು ಬರುತ್ತದೆ, ಅದರ ಹಿಂದೆಯೇ ಕರುಳು ಚುರುಕ್ ಎನ್ನುತ್ತದೆ. ಹೆಸರು ಹೆಂಡತಿಯ ನಾಲಿಗೆಗೆ ಬಂದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ಎಲ್ಲರೂ ನಂಬಿದ್ದರು. ಮದುವೆಯ ದಿನ ಒಡಪು ಕಟ್ಟಿ, ಹಾಡಿನೊಳಗಿಟ್ಟು ಹೇಳಿದರೆ ಮಾತ್ರ ದೋಷವಿರಲಿಲ್ಲ.

ಭಾಲ್ಕಿಯಲ್ಲಿ ಹುಟ್ಟಿದ ಗುರಮ್ಮನನ್ನು ಮೆಹಕರದ ಶಿವರಾಜಪ್ಪನಿಗೆ ಕೊಟ್ಟಿದ್ದರು. ರಜಾಕಾರರ ಹಾವಳಿಯ ವರ್ಷ ಗಂಡ ಹೆಂಡತಿ ಊರು ಬಿಟ್ಟು, ನಿಜಾಮರ ರಾಜ್ಯದ ಗಡಿ ದಾಟಿ, ನಿರಾಶ್ರಿತರ ಶಿಬಿರ ಸೇರಿದರು. ಅವನು ಕಟ್ಟಿಗೆ ತರಲು ಹೋಗಿದ್ದಾಗ ಶಿಬಿರದ ಕಾರಕೂನ ಬಂದು ಗಂಡನ ಹೆಸರು ಕೇಳಿದ. ಪರ ಊರು, ಪರಿಚಯದ ಮುಖ ಒಂದೂ ಇಲ್ಲ. ಹೆಸರು ಹೇಳದಿದ್ದರೆ ಜೋಳ ಕೊಡುವುದಿಲ್ಲ ಎಂದ. ಗುರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ‘ಶಿವರಾಜಪ್ಪ’ ಎಂದುಬಿಟ್ಟಳು. ಅದೇ ವಾರ ಅವನಿಗೆ ಜ್ವರ ಬಂತು. ಪೊಲೀಸ್ ಆಕ್ಷನ್ ಮುಗಿದು, ನಿಜಾಮರ ಆಳಿಕೆ ಹೋಗಿ, ಮಂದಿಯೆಲ್ಲ ಬಂಡಿ ಕಟ್ಟಿ ಹಾಡಿಕೊಂಡು ಊರಿಗೆ ಹೊರಟಾಗ ಅವಳ ಬಂಡಿಯಲ್ಲಿ ಅವನಿರಲಿಲ್ಲ.

ಅವಳು ಅಳಲಿಲ್ಲ. ‘ಎಂಥಾ ಕಲ್ಲೆದಿಯಾಕಿ’ ಎಂದು ಜನ ಆಡಿಕೊಂಡರು. ಕೊಂದವಳಿಗೆ ಅಳುವ ಹಕ್ಕೆಲ್ಲಿ ಎಂದು ಅವಳು ಒಳಗೊಳಗೇ ತೀರ್ಮಾನಿಸಿದ್ದು ಯಾರಿಗೂ ತಿಳಿದಿರಲಿಲ್ಲ.

ಬೀದರಿನಲ್ಲಿದ್ದ ಅಣ್ಣ ಮನ್ಮಥಪ್ಪನ ಮನೆಯಲ್ಲಿ ಏಳು ವರ್ಷ ರೊಟ್ಟಿ ಬಡಿದಳು. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಔರಾದದಿಂದ ಅಂಗಡಿಯ ಸಾಮಾನಿಗೆ ಬಂದು ಅವರ ಮನೆಯಲ್ಲಿ ಉಣ್ಣುತ್ತಿದ್ದ ಮಲ್ಲಿಕಾರ್ಜುನಪ್ಪನಿಗೆ ಆ ಬಾಯಿಯೇ ಇಷ್ಟವಾಯಿತು. ಅವನ ಹೆಂಡತಿ ತೀರಿಕೊಂಡಿದ್ದಳು. ‘ನಾಕನೇ ರೊಟ್ಟಿ ಬೇಕಂದ್ರ ನಾಚಬ್ಯಾಡ್ರಿ, ಐದನೇದು ಕೇಳುವಾಗ ನಾಚ್ರಿ’ ಎಂದು ಅವಳು ಅಂದರೆ ಅವನು ನಕ್ಕು ಐದನೆಯದನ್ನೂ ಕೇಳುತ್ತಿದ್ದ.

ಮನ್ಮಥಪ್ಪ ಉಡಿಕಿ ಮಾಡಿಕೊಡಲು ಒಪ್ಪಿದ. ಉಡಿಕಿ ಎಂದರೆ ವಿಧವೆಯ ಮದುವೆ: ಕತ್ತಲಲ್ಲಿ ಒಂದು ಸೀರೆ ಉಡಿಸಿ, ವಾಲಗವಿಲ್ಲದೆ, ಮುತ್ತೈದೆಯರಿಲ್ಲದೆ, ಬೆಳಕು ಹರಿಯುವ ಮುಂಚೆ ಸಾಗಹಾಕುವುದು. ಗುರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಅಣ್ಣಾ, ಮಾತಿಗೊಮ್ಮೆ ಬಸವಣ್ಣ ಬಸವಣ್ಣ ಅಂತಿ. ತಂಗೀನ ಮಾತ್ರ ಕದ್ದ ಮಾಲಿನಂಗ ಕತ್ತಲಾಗ ಸಾಗಿಸ್ತಿ? ಹಗಲಾಗ ಆದ್ರ ಆಗ್ಲಿ, ಇಲ್ಲಾಂದ್ರ ನಿನ್ನ ಮನ್ಯಾಗ ರೊಟ್ಟಿ ಬಡ್ಕೋತ ಇರ್ತೇನಿ.”

ದಿಲ್ಲಿಯವರು ಮದುವೆಗೆ ಹೊಸ ಕಾಯಿದೆ ತಂದ ವರ್ಷ ಅದು. ಬೀದರ ಇನ್ನೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಸರ್ಕಾರಿ ದಫ್ತರದಲ್ಲಿ, ಹಗಲು ಹೊತ್ತಿನಲ್ಲಿ, ಯಾರು ಯಾರನ್ನಾದರೂ ಮದುವೆಯಾಗಬಹುದಂತೆ ಎಂದು ಮಲ್ಲಿಕಾರ್ಜುನಪ್ಪನೇ ಕೇಳಿಕೊಂಡು ಬಂದ. ಅರ್ಜಿ ಕೊಟ್ಟರು. ನೋಟೀಸು ಒಂದು ತಿಂಗಳು ದಫ್ತರದ ಗೋಡೆಯ ಮೇಲೆ ಇತ್ತು, ಮಂದಿ ನಿಂತು ಓದಿದರು, ನಾಲಿಗೆ ತೀಟೆ ತೀರಿಸಿಕೊಂಡರು. ತಕರಾರು ಮಾತ್ರ ಯಾರೂ ಕೊಡಲಿಲ್ಲ.

ಮದುವೆಯ ದಿನ ಸಾಕ್ಷಿಗೆ ಮೂವರು ಬೇಕಿತ್ತು. ಅಣ್ಣ ಮತ್ತು ಅತ್ತಿಗೆ ಸುಮಿತ್ರಾಬಾಯಿ ಇದ್ದರು. ಅವರನ್ನು ಕರೆತಂದ ಟಾಂಗಾದ ಫಕ್ರೋದ್ದೀನನೇ ಮೂರನೆಯವನಾದ. ಅಧಿಕಾರಿ ನಜಮೋದ್ದೀನ ಸಾಹೇಬರು ನಿಜಾಮರ ಕಾಲದವರು; ಆಳಿಕೆ ಬದಲಾದರೂ ಶೇರವಾನಿ ಬಿಟ್ಟಿರಲಿಲ್ಲ. ಅವರು ಹೇಳಿಕೊಟ್ಟಂತೆ ಮಲ್ಲಿಕಾರ್ಜುನಪ್ಪ, “ಗುರಮ್ಮ, ನಿನ್ನನ್ನು ನನ್ನ ಹೆಂಡತಿಯಾಗಿ ಸ್ವೀಕರಿಸ್ತೇನಿ” ಎಂದ.

“ಈಗ ನೀವಮ್ಮಾ. ಇವರ ಹೆಸರು ಹಿಡಿದು ಹೇಳ್ರಿ.”

ಗುರಮ್ಮನ ಮುಖ ಸುಣ್ಣವಾಯಿತು.

“ಒಡಪಿನಾಗ ಇಟ್ಟು ಹೇಳವ್ವಾ,” ಎಂದು ಸುಮಿತ್ರಾಬಾಯಿ ಪಿಸುಗುಟ್ಟಿದಳು.

ಸಾಹೇಬರು ತಲೆಯಾಡಿಸಿದರು. “ಹಾಡು ಆಮ್ಯಾಲ ಹಾಡ್ರಿ, ನಾನೂ ಕೇಳ್ತೇನಿ. ಕಾಯ್ದೆದ ಮಾತು ಸೀದಾ ಬೇಕು. ಅದಿಲ್ಲಾಂದ್ರ ಶಾದಿ ಆಗಂಗಿಲ್ಲರಿ.”

“ನಾ ಹೇಳಿದ್ರ ಇವ್ರು ಉಳ್ಯಂಗಿಲ್ಲರಿ,” ಎಂದಳು ಗುರಮ್ಮ. “ಶಿಬಿರದಾಗ ಒಬ್ಬರ ಹೆಸರು ಹೇಳಿ ನುಂಗಿಕೊಂಡೇನಿ.”

ತಂಗಿ ಅಂದು ಏಕೆ ಅಳಲಿಲ್ಲವೆಂದು ಅಣ್ಣನಿಗೆ ಏಳು ವರ್ಷದ ಮೇಲೆ ಅರ್ಥವಾಯಿತು. ಮಲ್ಲಿಕಾರ್ಜುನಪ್ಪ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

“ಹೇಳದಿದ್ರೂ ಒಂದಿನ ಸಾಯೋದ ಅದ, ಗುರಮ್ಮ. ನೀ ಹೇಳಿದ್ರ ನಾ ನಿನ್ನ ಗಂಡನಾಗಿ ಸಾಯ್ತೇನಿ. ಅಷ್ಟ ಸಾಕು.”

ಅವಳು ಕಣ್ಣು ಮುಚ್ಚಿದಳು. “ಮಲ್ಲಿಕಾರ್ಜುನಪ್ಪ, ನಿಮ್ಮನ್ನ ನನ್ನ ಗಂಡನಾಗಿ ಸ್ವೀಕರಿಸ್ತೇನಿ,” ಎಂದಳು. ಹೊರಗೆ ಸುಡುವ ಬಿಸಿಲಿತ್ತು. ಆ ಬಿಸಿಲಿನಲ್ಲೇ, ಶಹಾಗಂಜ ಓಣಿಯ ಮಂದಿ ನೋಡನೋಡುತ್ತ, ಟಾಂಗಾದಲ್ಲಿ ಗಂಡನ ಪಕ್ಕ ಕೂತು ಹೋದಳು.

ಔರಾದದ ಆ ಮೊದಲ ದಿನಗಳು ಎಷ್ಟು ಚೆಂದ, ಎಷ್ಟು ಭಯ! ಅವನು ಅಂಗಡಿಯಿಂದ ಬರುವುದು ತುಸು ತಡವಾದರೂ ಅವಳ ಎದೆ ಹಾರುತ್ತಿತ್ತು. ನಿದ್ದೆಯಲ್ಲಿದ್ದವನ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುವಳು. ಅವನು ಕಣ್ಣು ಬಿಡದೆಯೇ, “ಇನ್ನೂ ಅದೇನಿ, ಮಲ್ಕೋ” ಎನ್ನುವನು.

ಶ್ರಾವಣದಲ್ಲಿ ಅವನಿಗೆ ಜ್ವರ ಬಂದೇಬಿಟ್ಟಿತು. ಶಿಬಿರದಲ್ಲಿ ಕಂಡ ಅದೇ ನಡುಕ, ಅದೇ ಬಡಬಡಿಕೆ. ಗುರಮ್ಮ ನೀರೂ ಕುಡಿಯದೆ ತಲೆದಿಂಬಿನ ಬಳಿ ಕೂತಳು. ತನ್ನ ನಾಲಿಗೆಗೆ ಶಾಪ ಹಾಕಿದಳು, ದಿಲ್ಲಿಯ ಕಾಯಿದೆಗೆ ಶಾಪ ಹಾಕಿದಳು, ಶೇರವಾನಿಯ ಸಾಹೇಬರನ್ನೂ ಬಿಡಲಿಲ್ಲ. ಒಂದು ಮುಂಜಾನೆ ಅವನ ಮೈ ಬೆವರಿ ತಣ್ಣಗಾಯಿತು. ಅವನು ಕಣ್ಣು ತೆರೆದು, “ಹಸಿವ್ಯಾಗ್ಯದ, ಗಂಜಿ ಕೊಡು” ಎಂದ.

ಗುರಮ್ಮ ಗಂಜಿ ಕುಡಿಸಿದಳು. ಬಟ್ಟಲು ಹಿಡಿದು ಅಂಗಳಕ್ಕೆ ಬಂದವಳು ಅಲ್ಲೇ ಕುಸಿದು ಕೂತು, ಎದೆ ಬಡಿದುಕೊಂಡು ಅಳತೊಡಗಿದಳು. ಪಕ್ಕದ ಮನೆಯ ಅನ್ವರಿ ಬೇಗಂ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

“ಯಾ ಅಲ್ಲಾ! ಏನಾತ್ರಿ ನಿಮ್ಮವ್ರಿಗೆ?”

“ಆರಾಮ ಆದ್ರರಿ. ಗಂಜಿ ಕುಡದ್ರು.”

“ಮತ್ತ ಯಾರ ಸಲುವಾಗಿ ಅಳ್ತೀರಿ?”

“ಶಿವರಾಜಪ್ಪನ ಸಲುವಾಗಿ ಅಳ್ತೇನಿರಿ,” ಎಂದಳು ಗುರಮ್ಮ. “ಅವ್ರು ಜ್ವರ ಬಂದು ಸತ್ರರಿ ಬೇಗಂ. ಬರೇ ಜ್ವರ ಬಂದು ಸತ್ರು.”