ಬಂಡೆಯೆಂದ ಕಡೆ ಕೊಳವೆ ಬಿಡಬಾರದು

ಜಯಲಕ್ಷ್ಮಿಪುರಂನ ಮಹಡಿ ಕೋಣೆಯಲ್ಲಿ ಕುಳಿತು ಸಮುದ್ರದ ತಳವನ್ನು ಪರಿಶೀಲಿಸುವುದು ನನ್ನ ವೃತ್ತಿ. ಮೈಸೂರಿಗೆ ಸಮುದ್ರವೇ ಇಲ್ಲವೆಂಬ ಆಕ್ಷೇಪಣೆಯನ್ನು ಎದುರುಮನೆಯವರು ಹಲವು ಬಾರಿ ಎತ್ತಿದ್ದಾರೆ, ಗೌರವಪೂರ್ವಕವಾಗಿ ಗಮನಿಸಿದ್ದೇನೆ. ಕರಾವಳಿಯಾಚೆ ಸರ್ವೆ ದೋಣಿ ಓಡಾಡುತ್ತ ನೀರಿನೊಳಕ್ಕೆ ಶಬ್ದ ಬಿಡುತ್ತದೆ. ಅದು ತಳಕ್ಕೆ ಬಡಿದು, ಕೆಸರಿನೊಳಗೂ ಇಳಿದು, ಒಂದೊಂದು ಪದರದಿಂದ ಒಂದೊಂದು ಮಾರ್ದನಿ ತಂದೊಪ್ಪಿಸುತ್ತದೆ. ಅವು ಗೆರೆಗಳಾಗಿ ನನ್ನ ಪರದೆಗೆ ಬರುತ್ತವೆ. ಗೆರೆ ಓದಿ, ಇದು ಮರಳು, ಇದು ಜೇಡಿ, ಇದು ಬಂಡೆ ಎಂದು ತೀರ್ಪು ಕೊಡುವವನು ನಾನು.

ಆ ಬೆಳಿಗ್ಗೆ ಮಾತ್ರ ತೀರ್ಪು ನನಗಿಂತ ಮೊದಲೇ ಹೊರಬಿದ್ದಿತ್ತು. ಹಿಂದಿನ ದಿನ ನಾನು ಒಂದು ಮದುವೆಯಲ್ಲಿ ಹೋಳಿಗೆಯ ಪರಿಶೀಲನೆಯಲ್ಲಿದ್ದೆ. ದೋಣಿಯಲ್ಲಿದ್ದ ನನ್ನ ಸಹೋದ್ಯೋಗಿ, ಮೈಸೂರಿನದೇ ಸಿದ್ಧಾರ್ಥನಗರದವಳು, ತಾನೇ ಗೆರೆ ಓದಿ ‘ಬಂಡೆ’ ಎಂದು ಬರೆದುಕೊಟ್ಟಿದ್ದಳು. ಆ ಮಾತನ್ನು ನಂಬಿ ಕಾಮಗಾರಿಯ ಚಪ್ಪಟೆ ಹಡಗು, ಬಾರ್ಜೊಂದು, ಅಲ್ಲಿಗೆ ಬಂದಿತ್ತು. ಈ ಬಾರ್ಜಿಗೆ ಕಬ್ಬಿಣದ ನಾಲ್ಕು ಕಾಲು. ಅವನ್ನು ತಳಕ್ಕೆ ಊರಿ, ಮೈಯನ್ನು ನೀರಿನಿಂದ ಮೇಲೆತ್ತಿಕೊಂಡು ನಿಲ್ಲುತ್ತದೆ. ಬಂಡೆಯ ಮೇಲಾದರೆ ನಿಂತೀತು. ಒಂದು ಕಾಲು ದಿಢೀರನೆ ಕುಸಿದರೆ ಮೇಲಿರುವ ಜನರ ಸಮೇತ ಮಗುಚಿಕೊಂಡೀತು.

ಪರದೆಯಲ್ಲಿ ಕಪ್ಪಗೆ, ದಪ್ಪಗೆ ಒಂದು ಗೆರೆ. ಅದರ ಕೆಳಗೆ ಏನೇನೂ ಇಲ್ಲ. ಬಂಡೆ ಶಬ್ದವನ್ನು ಒಳಗೆ ಬಿಡುವುದಿಲ್ಲ, ಹೀಗೇ ಕಾಣುತ್ತದೆ. ತೊಂದರೆಯೆಂದರೆ, ಕೆಸರಿನಲ್ಲಿ ಕೊಳೆತದ್ದರಿಂದ ಹುಟ್ಟಿ ಅಲ್ಲೇ ಸಿಕ್ಕಿಕೊಂಡ ಅನಿಲವೂ ಬಿಡುವುದಿಲ್ಲ. ನಾನು ಅಂಚನ್ನು ಹಿಗ್ಗಿಸಿ ನೋಡಿದೆ. ಪಕ್ಕದ ಪದರಗಳು ಕಪ್ಪು ಗೆರೆಯ ಹತ್ತಿರ ಬರುತ್ತ ಕೆಳಕ್ಕೆ ಜೋತುಬಿದ್ದಿದ್ದವು. ಅನಿಲದಲ್ಲಿ ಶಬ್ದ ಕುಂಟುತ್ತದೆ, ಮಾರ್ದನಿ ತಡವಾಗುತ್ತದೆ. ಅದರಿಂದ ಈ ಜೋಲು. ಬಂಡೆಯ ಬಳಿ ಹೀಗಾಗುವುದಿಲ್ಲ. ಫೋನೆತ್ತಿಕೊಂಡೆ.

“ಕಾಲು ಇಳಿಸೋದು ನಿಲ್ಸಮ್ಮ,” ಎಂದೆ ಫೋನಿನಲ್ಲಿ.

“ಈಗ್ಲೇ ಶುರು ಮಾಡ್ತಿದಾರೆ ಸಾರ್! ಸಂಜೆ ಅಲೆ ಏಳೋದ್ರೊಳ್ಗೆ ನಿಂತ್ಕೊಂಬುಡ್ಬೇಕಂತೆ. ಯಾಕೆ?”

“ಅದು ಬಂಡೆ ಅಲ್ಲ ಅನ್ಸತ್ತೆ ಕಣಮ್ಮ. ಅಲ್ಲಿ ಕೊಳವೆ ಬಿಟ್ಟು ನೋಡಿದ್ಯಾ?”

“ಬಂಡೆ ಅಂದ್ಮೇಲೆ ಕೊಳವೆ ಯಾರ್ ಬಿಡ್ತಾರೆ ಸಾರ್?”

ಇದು ನಮ್ಮ ಕುಲಾಚಾರ. ತಳದ ಕೆಸರನ್ನು ಮೇಲೆ ತರಲು ಭಾರ ಕಟ್ಟಿದ ಉಕ್ಕಿನ ಕೊಳವೆಯನ್ನು ಬೀಳಿಸುತ್ತೇವೆ. ಬಂಡೆಗೆ ಬಡಿದರೆ ಅದು ಸೊಟ್ಟಗಾಗುತ್ತದೆಂದು, ಬಂಡೆಯೆಂದ ಕಡೆ ಬಿಡುವುದಿಲ್ಲ. ಹಾಗಾಗಿ ಸುತ್ತಮುತ್ತಲೆಲ್ಲ ಪರೀಕ್ಷೆಯಾಗಿತ್ತು. ಕಾಲು ಬೀಳುವ ಜಾಗಕ್ಕೆ ಮಾತ್ರ ವಿನಾಯಿತಿ ಸಿಕ್ಕಿತ್ತು.

“ಈಗ ಬಿಡು.”

“ಬಗ್ಗೋಗ್ಬುಟ್ರೆ ಇನ್ನೊಂದಿಲ್ಲ ಸಾರ್. ಸರ್ವೇನೇ ನಿಂತೋಗತ್ತೆ.”

“ನಿಲ್ಲಲಿ. ಬಿಡು.”

ಅವಳು ಬಾರ್ಜಿನ ಕ್ಯಾಪ್ಟನ್ನರನ್ನೂ ಅದೇ ಕರೆಗೆ ಸೇರಿಸಿದಳು. ಮಂಗಳೂರಿನ ಕಡೆಯವರು.

“ಎಂತ ಸಾರ್, ನೀವು ಎಲ್ಲಿದ್ದೀರಿ?”

“ಮೈಸೂರಲ್ಲಿ.”

“ಮೈಸೂರಲ್ಲಿ ಕೂತು ಇಲ್ಲಿ ಬಂಡೆ ಇಲ್ಲ ಅಂತ ಹೇಳುವುದಾ ಮಾರಾಯ್ರೇ? ನಿಮ್ಮವರೇ ಬರೆದುಕೊಟ್ಟದ್ದಲ್ವಾ? ಅಲೆ ಅಂದ್ರೆ ನಿಮ್ಮ ದಸರಾ ಮೆರವಣಿಗೆ ಅಲ್ಲ, ಮುಹೂರ್ತ ನೋಡಿ ಹೊರಡ್ಲಿಕ್ಕೆ!”

“ಒಂದೇ ಒಂದು ಸಲ ಕೊಳವೆ ಬೀಳ್ಲಿ ಸ್ವಾಮಿ.”

“ಬಗ್ಗಿದ್ರೆ ಮತ್ತೆ ನನ್ನ ಹತ್ರ ಮಾತಿಲ್ಲ. ಕಾಲು ಇಳಿಸ್ತೇನೆ.”

“ಆಗಲಿ.”

ಫೋನಿನಲ್ಲಿ ಕೊಳವೆ ಇಳಿಸುವ ರಾಟೆ ಕಿರುಗುಟ್ಟಿತು. ಕಾಫಿ ತಂದ ಹೆಂಡತಿ, “ಯಾಕ್ರೀ ಮುಖ ಹಂಗ್ ಮಾಡ್ಕೊಂಡಿದೀರಾ?” ಎಂದಳು. ನಾನು ಕೈಯೆತ್ತಿ ಸುಮ್ಮನಿರಿಸಿದೆ. ಮೂವತ್ತು ವರ್ಷದ ಸಂಸಾರದಲ್ಲಿ ಆ ಸನ್ನೆ ಫಲಿಸಿದ್ದು ಅದೇ ಮೊದಲು. ಅವಳಿಗೂ ದಿಗಿಲಾಗಿರಬೇಕು, ಅಲ್ಲೇ ನಿಂತಳು. ಕೊಳವೆ ಬಗ್ಗಿದರೆ ಬಾರ್ಜಿನವರು ಕ್ಷೇಮ, ನನ್ನ ಮಾನ ಹೋಗುತ್ತದೆ. ಬಗ್ಗದಿದ್ದರೆ ನಾನು ಪಂಡಿತ. ಯಾವುದನ್ನು ಬಯಸಬೇಕೆಂದು ತಿಳಿಯದೆ ಕಾಫಿಯನ್ನು ನೋಡುತ್ತ ಕುಳಿತೆ. ರಾಟೆ ನಿಂತಿತು. ಮತ್ತೆ ತಿರುಗಿತು. ಮತ್ತೆ ನಿಂತಿತು.

“ಬಗ್ಗಿಲ್ಲ ಸಾರ್.” ದೋಣಿಯಿಂದ ಸಹೋದ್ಯೋಗಿಯ ದನಿ. “ಬರೀ ಕೆಸರು. ಹಿಟ್ಟು ಉಬ್ಬಿದಂಗೆ ಉಬ್ಬಿ ಕೊಳವೆ ಬಾಯಿಂದಾಚೆ ಬರ್ತಿದೆ. ಗುಳುಗುಳು ಅಂತಿದೆ. ಕೊಳೆತ ಮೊಟ್ಟೆ ವಾಸ್ನೆ.”

ಕ್ಯಾಪ್ಟನ್ ತುಳುವಿನಲ್ಲಿ ಯಾರಿಗೋ ಕೂಗಿದರು. ಕಾಲುಗಳನ್ನು ಮೇಲೆತ್ತುವ ಯಂತ್ರದ ಗದ್ದಲ ಕೇಳಿತು. ಆಮೇಲೆ, “ಸರಿ ಸಾರ್, ಒಪ್ಪಿದೆ. ಹಾಗಾದ್ರೆ ಎಲ್ಲಿ ನಿಲ್ಲಲಿ?”

ಬೇಡವೆನ್ನುವುದು ಸುಲಭದ ಪಾಂಡಿತ್ಯ. ಪಕ್ಕದ ಗೆರೆಗಳನ್ನು ಒಂದೊಂದಾಗಿ ತೆರೆದೆ. ಉತ್ತರಕ್ಕೆ ಗಟ್ಟಿ ಮರಳಿತ್ತು, ಕೊಳವೆಯೂ ಮರಳನ್ನೇ ತಂದಿತ್ತು. ಬಾರ್ಜಿನ ಮೂರು ಕಾಲಿಗೆ ಸಾಕಾಗುವಷ್ಟು ಜಾಗ. ನಾಲ್ಕನೆಯದರ ಕೆಳಗೆ ಮತ್ತೆ ಆ ಕಪ್ಪು ಗೆರೆ.

“ಬಂದರಿಗೆ ಹೋಗಿಬಿಡಿ.”

“ಬಂದರಿಗಾ?”

“ನಾಲ್ಕು ಕಾಲಿಗೆ ಜಾಗ ಇವತ್ತು ನನ್ನ ಹತ್ರ ಇಲ್ಲ.”

ಅವರು ತುಳುವಿನಲ್ಲಿ ಏನೋ ಅಂದರು, ಆಶೀರ್ವಾದವಿರಲಾರದು. ಆದರೆ ಹೊರಟರು. ಕರೆಯಲ್ಲಿ ಉಳಿದವಳು ಅವಳೊಬ್ಬಳೇ.

“ಸಾರ್, ನಾನು ಬಂಡೆ ಅಂತ ಬರ್ದಿದ್ದು…”

“ಮೊದ್ಲು ನೀನೂ ದಡ ಸೇರ್ಕೊಳಮ್ಮ. ಬೈಯೋದು ಎಲ್ಲೂ ಓಡೋಗಲ್ಲ.”