ಮೂವತ್ತೇಳರ ಮುಂದಿನ ಸೊನ್ನೆ

ಬೆಳಕು ಹರಿಯುವ ಹೊತ್ತು. ಶಿಕಾರಿಪುರದ ಹಳೆಯ ಕಟ್ಟಡವೊಂದರ ಹಿಂದಿನ ಕೋಣೆಗೆ ಬಂದವರೇ ವನಜಮ್ಮ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡುತ್ತಾರೆ. ಸೀರಿಯಲ್ ಕೇಬಲ್ಲಿನ ಆ ತುದಿಯಲ್ಲಿರುವ ಇನ್‌ಕ್ಯುಬೇಟರ್ ಎಂಬ ಶಾಖಪೆಟ್ಟಿಗೆಯ ತಾಪ ನಿಯಂತ್ರಕ ‘ಓಕೆ’ ಎಂದು ಉತ್ತರ ಕೊಡುತ್ತದೆ. ಅಷ್ಟರಿಂದ ಅವರಿಗೆ ಸಮಾಧಾನವಿಲ್ಲ. ಇನ್ನೊಂದು ಸಾಲು ಬರೆದು ಒಳಗಿನ ಶಾಖ ಎಷ್ಟೆಂದು ಕೇಳುತ್ತಾರೆ. ಆಮೇಲೆ ಎದ್ದು ಹೋಗಿ, ಬಾಗಿಲು ತೆರೆದು, ಒಳಗಿಟ್ಟ ಥರ್ಮಾಮೀಟರನ್ನೂ ನೋಡುತ್ತಾರೆ.

ಇದು ದನಕುರಿಗಳ ರೋಗ ಪತ್ತೆಹಚ್ಚುವ ಪುಟ್ಟ ಖಾಸಗಿ ಪ್ರಯೋಗಾಲಯ. ಕಾಯಿಲೆ ಬಿದ್ದ ಕುರಿಗಳ ರಕ್ತ ಸೊರಬದ ಮೊದಲ ಬಸ್ಸಿಗೆ, ಈಸೂರು, ಬಳ್ಳಿಗಾವಿ ಕಡೆಯ ಬೈಕುಗಳ ಮೇಲೆ ಇಲ್ಲಿಗೆ ಬರುತ್ತದೆ. ಅದನ್ನು ಗಾಜಿನ ತಟ್ಟೆಗೆ ಹಚ್ಚಿ ಮೂವತ್ತೇಳು ಡಿಗ್ರಿ ಶಾಖದಲ್ಲಿಟ್ಟರೆ, ರೋಗಾಣು ಇದ್ದರೆ ಬೆಳಗಾಗುವಷ್ಟರಲ್ಲಿ ಚುಕ್ಕೆಚುಕ್ಕೆಯಾಗಿ ಬೆಳೆದಿರುತ್ತದೆ. ಅದನ್ನು ನೋಡಿ ಇಲ್ಲಿನ ಪಶುವೈದ್ಯರು ಔಷಧ ಬರೆಯುತ್ತಾರೆ. ವರದಿಯ ಕೆಳಗೆ ಸಹಿ ಅವರದು. ಶಾಖ ಕಾಯ್ದವರ ಹೆಸರು ಯಾರಿಗೆ ಬೇಕು?

ಪಿಯುಸಿಗೆ ಓದು ಬಿಟ್ಟ ವನಜಮ್ಮ ತಟ್ಟೆ ತೊಳೆಯುವ ಕೆಲಸಕ್ಕೆಂದು ಇಲ್ಲಿ ಸೇರಿದವರು. ಇನ್‌ಕ್ಯುಬೇಟರಿನ ಗುಂಡಿಗಳು ಒತ್ತಿ ಒತ್ತಿ ಕೆಟ್ಟುಹೋದಾಗ ಸೊರಬದ ಕಂಪ್ಯೂಟರ್ ರಿಪೇರಿಯ ಪ್ರದೀಪ್ ಕೇಬಲ್ ಜೋಡಿಸಿ, ಯಾವುದಕ್ಕೆ ಏನು ಟೈಪ್ ಮಾಡಬೇಕೆಂದು ಕಲಿಸಿಕೊಟ್ಟರು. ಜೊತೆಗೊಂದು ಎಚ್ಚರಿಕೆ: ಈ ಯಂತ್ರಕ್ಕೆ ದಶಮಾಂಶದ ಚುಕ್ಕೆ ತಿಳಿಯದು, ಮೂವತ್ತೇಳು ಬೇಕಾದರೆ ಮುಂದೊಂದು ಸೊನ್ನೆ ಸೇರಿಸಿ 370 ಎನ್ನಬೇಕು. ಬರೀ 37 ಎಂದರೆ ಅದು ಮೂರು ಪಾಯಿಂಟ್ ಏಳು ಎಂದುಕೊಂಡು ಹೀಟರನ್ನೇ ಆರಿಸಿಬಿಡುತ್ತದೆ.

ಹೋದ ಚಳಿಗಾಲದ ಒಂದು ಸಂಜೆ ಕರೆಂಟು ಹೋಗಿ ಬಂತು. ಯಂತ್ರ ಎಲ್ಲ ಮರೆತು ಕೂತಿತ್ತು. ಮನೆಯಲ್ಲಿ ಮಗಳು ಚೈತ್ರಳಿಗೆ ಜ್ವರ, ಊರಿನ ಬಸ್ಸು ಹೊರಡುವ ಹೊತ್ತು. ಗಡಿಬಿಡಿಯಲ್ಲಿ ವನಜಮ್ಮ 37 ಎಂದಷ್ಟೇ ಟೈಪ್ ಮಾಡಿದರು. ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಯಂತ್ರ, ‘ಓಕೆ’ ಎಂದಿತು.

ಒಳಗಿದ್ದದ್ದು ಸೊರಬ ಕಡೆಯ ಕುರಿಗಾಹಿ ಉಜ್ಜಪ್ಪನವರ ಕುರಿಯ ರಕ್ತ. ಮರುದಿನ ವನಜಮ್ಮನವರಿಗೆ ರಜೆ. ತಟ್ಟೆ ತೆಗೆದು ನೋಡಿದವರು ವೈದ್ಯರು. ಚುಕ್ಕೆಯೇ ಇಲ್ಲ. ರೋಗವಿಲ್ಲವೆಂದು ಬರೆದುಕೊಟ್ಟರು. ಉಜ್ಜಪ್ಪ ಕೈಮುಗಿದು ಹೋಗಿ, ಬೇರೆ ಕಟ್ಟಿದ್ದ ಕುರಿಯನ್ನು ಹಿಂಡಿಗೆ ಸೇರಿಸಿದರು. ಕೆಲಸಕ್ಕೆ ಮರಳಿದ ವನಜಮ್ಮನವರ ಕೈಗೆ ಇನ್‌ಕ್ಯುಬೇಟರ್ ತಣ್ಣಗೆ ಹತ್ತಿದಾಗಲೇ ತಪ್ಪು ಹೊಳೆದದ್ದು. ಫೋನು ಮಾಡಿದರೆ, ಕುರಿ ಮೇಯಿಸಲು ಹೋದ ಉಜ್ಜಪ್ಪನವರಿಗೆ ಸಿಗ್ನಲ್ ಇಲ್ಲ. ಸಿಗುವಷ್ಟರಲ್ಲಿ ಅರ್ಧ ಹಿಂಡು ನೆಲಕಚ್ಚಿತ್ತು.

ತಪ್ಪನ್ನು ಕರೆಂಟಿನ ಮೇಲೆ ಹಾಕಿ ಸುಮ್ಮನಿರಿ ಎಂದರಂತೆ ವೈದ್ಯರು.

“ನನ್ ಕೈ ಮಾಡಿದ್ ತಪ್ಪು ರೀ. ಕರೆಂಟಿನ ಮ್ಯಾಲೆ ಹಾಕಿ ನಾನ್ ಹೆಂಗ್ ಉಣ್ಲಿ?” ಎನ್ನುತ್ತಾರೆ ವನಜಮ್ಮ.

ಅವರು ಬಸ್ಸು ಹತ್ತಿ ಉಜ್ಜಪ್ಪನವರ ಮನೆಗೇ ಹೋದರು. ಉಜ್ಜಪ್ಪನವರ ಹೆಂಡತಿ ತಿಮ್ಮಮ್ಮ ಚಾಪೆ ಹಾಸಿ ಮಜ್ಜಿಗೆ ಕೊಟ್ಟರು. ಜ್ವರ, ಬಸ್ಸು, ಬಿಟ್ಟುಹೋದ ಸೊನ್ನೆ, ಎಲ್ಲವನ್ನೂ ವನಜಮ್ಮ ಹೇಳಿದರು. ಉಜ್ಜಪ್ಪ ಅರ್ಧ ಖಾಲಿಯಾದ ಕುರಿ ರೊಪ್ಪದ ಕಡೆ ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು:

“ಮಗಳ ಜ್ವರ ಬಿಡ್ತೇನವ್ವಾ?”

ಸಾವಿನ ಮನೆಯಿಂದ ಏಳುವಂತೆ, ‘ಬರ್ತೀನಿ’ ಎನ್ನದೆ ವನಜಮ್ಮ ಎದ್ದು ಬಂದರು.

ಉಜ್ಜಪ್ಪ ಉಳಿದ ಕುರಿಗಳನ್ನು ಮಾರಿ ಈಗ ಕೂಲಿಗೆ ಹೋಗುತ್ತಾರೆ. ಸೊರಬದ ಸಂತೆಯಲ್ಲಿ ಎದುರಾದರೆ ಅವರೇ ನಿಂತು ಮಾತಾಡಿಸುತ್ತಾರೆ, ಮಗಳ ಓದು ವಿಚಾರಿಸುತ್ತಾರೆ. ಏನಾದರೂ ಆಸೆ ಇದೆಯೇ ಎಂದು ವನಜಮ್ಮನವರನ್ನು ಕೇಳಿದರೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

“ಒಂದ್ಸಲ ಅವ್ರು ನನ್ನ ಬಯ್ಬೇಕ್ರಿ. ಸಂತಿ ನಡುವೆ ನಿಲ್ಸಿ, ಎಲ್ರೂ ಕೇಳೋ ಹಂಗೆ. ಇನ್ನೇನೂ ಬ್ಯಾಡ.”