ಅವೆಲಿನೊನ ಹೊಸ ಹಾಡು

ಕೊಂಕಣಿ ಸಂಗೀತ ಸತ್ತದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ಚಿಂಚಿಣೆಯ ಅವೆಲಿನೊ ಕೊಲಾಸೊ ಥಟ್ಟನೆ ಉತ್ತರ ಹೇಳುತ್ತಿದ್ದ. ತನಗೆ ಮೂವತ್ತು ತುಂಬಿದ ವರ್ಷ ಎಂದು. ಅದಕ್ಕೂ ಮೊದಲು ಊರಿಗೊಂದು ಹೊಸ ರಾಗ ಹುಟ್ಟುತ್ತಿತ್ತಂತೆ, ಆಮೇಲೆ ಎಲ್ಲ ನಿಂತ ನೀರಂತೆ. ಪಿಯೆದಾದ್ ಬಾಯಿಯ ತಾವೆರ್ನು ಎಂಬ ಹೆಂಡದಂಗಡಿಯಲ್ಲಿ ಊಟಕ್ಕೆ ಮುಂಚಿನ ಫೆಣಿ ಹೀರುತ್ತ ಇದನ್ನು ಹೇಳುವಾಗ, ಸಂಗೀತದ ತಿಥಿಯೂಟಕ್ಕೆ ಬಂದವನ ಹಾಗೆ ಮುಖ ಇಳಿಬಿಡುತ್ತಿದ್ದ. ಈ ಕಥೆಯನ್ನು ಈಗ ಊರಿಗೆಲ್ಲ ಹೇಳಿಕೊಂಡು ತಿರುಗುವವನು ಅವನೇ. ಹಾಗಾಗಿ ಅವನ ಮಾನದ ಚಿಂತೆ ನಮಗೆ ಬೇಕಾಗಿಲ್ಲ.

ಅವನು ಮದುವೆ ಮನೆಗಳಲ್ಲಿ ಟ್ರಂಪೆಟ್ ಊದುವವನು, ‘ಗೋಲ್ಡನ್ ಪ್ರಾನ್ಸ್’ ಬ್ಯಾಂಡಿನ ಯಜಮಾನ. ಬಂಗಾರದ ಸೀಗಡಿಗಳು ಎಂದು ಹೆಸರಿಟ್ಟಾಗ ಎಲ್ಲರೂ ಹರೆಯದವರು. ಬೆದರಿದ ಸೀಗಡಿ ಹಿಂದಕ್ಕೇ ಚಿಮ್ಮುತ್ತದೆ ಎಂಬುದನ್ನು ಆಗ ಯಾರೂ ಯೋಚಿಸಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಊರಿನ ಕ್ಲಬ್ಬಿನವರು ‘ನಮ್ಮ ಸಂಗೀತ ಎಲ್ಲಿ ನಿಂತಿತು?’ ಎಂಬ ವಿಷಯ ಇಟ್ಟು ಅವನನ್ನು ಭಾಷಣಕ್ಕೆ ಕರೆದರು. ಅವೆಲಿನೊ ಕೋಟು ತೊಟ್ಟು ಹೋದ. ಈಗಿನ ಮಕ್ಕಳು ಫೋನಿನಲ್ಲಿ ಬಂದದ್ದನ್ನೇ ನಕಲು ಹೊಡೆಯುತ್ತಾರೆ, ಒಬ್ಬರಿಗೂ ಸ್ವಂತದ ಒಂದು ಸಾಲು ಕಟ್ಟಲು ಬರುವುದಿಲ್ಲ ಎಂದು ಗುಡುಗಿದ. ಮುಂದಿನ ಸಾಲಿನ ಮುದುಕರು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದಳು. ಲಿಜ್ಮಾ, ಗೆಳೆಯರ ಜೊತೆ ಹೊಳೆ ದಂಡೆಯ ದೋಣಿ ಶೆಡ್ಡಿನಲ್ಲಿ ಡ್ರಮ್ ಬಾರಿಸಿ ಇಡೀ ಕೇರಿಯ ಬೈಗುಳ ತಿನ್ನುವವಳು.

“ಅಂಕಲ್, ನೀವು ಕೊನೇ ಸಲ ಹೊಸ ಹಾಡು ಕಲಿತದ್ದು ಯಾವಾಗ?”

“ತುಂಬ ಒಳ್ಳೆ ಪ್ರಶ್ನೆ,” ಎಂದ ಅವೆಲಿನೊ. “ಮುಂದಿನ ಪ್ರಶ್ನೆ?”

ಎಲ್ಲರೂ ನಕ್ಕರು. ಸರಿಯಾಗಿ ಬಾಯಿ ಮುಚ್ಚಿಸಿದೆ ಎಂದು ಅವನು ಹಿಗ್ಗಿನಿಂದ ಮನೆಗೆ ಬಂದ. ಆ ಹಿಗ್ಗು ಮುಂದಿನ ಶನಿವಾರದವರೆಗೆ ಮಾತ್ರ ಉಳಿಯಿತು.

ಅಂದು ಅದೇ ಊರಿನ ರೊಜಾಲಿಯಾಳ ಮಗಳ ಮದುವೆ. ರೊಜಾಲಿಯಾಳ ಮದುವೆಗೆ ಬಾರಿಸಿದ್ದೂ ಇದೇ ಸೀಗಡಿಗಳು. ಸಂಜೆ ವಧೂವರರು ಬ್ಯಾಂಡಿನ ಮಾರ್ಚಿನೊಂದಿಗೆ ಒಳಬಂದರು, ಜೋಡಿ ಕುಣಿತದ ವಾಲ್ಟ್ಜ್ ಮುಗಿಯಿತು, ಗ್ಲಾಸೆತ್ತಿ ಟೋಸ್ಟ್ ಆಯಿತು. ಕೇಕಿನ ಮುಂದೆ ಅವೆಲಿನೊ ಮೈಕು ಹಿಡಿದು ತನ್ನ ಹೆಸರುವಾಸಿ ತಮಾಷೆ ಬಿಟ್ಟ: “ಮದುಮಗನೇ, ನಿನ್ನ ಕೈ ಹೆಂಡತಿಯ ಕೈ ಮೇಲಿಡು. ಚೆನ್ನಾಗಿ ನೋಡಿಕೋ ಮಾರಾಯ, ಜನ್ಮದಲ್ಲಿ ನಿನ್ನ ಕೈ ಮೇಲಾಗೋದು ಇದೇ ಕೊನೆ!” ಜನ ಮರ್ಯಾದೆಗೆ ನಕ್ಕರು.

ಊಟಕ್ಕೆ ಮೊದಲು ಹುಡುಗಿಯ ಅಣ್ಣಂದಿರು ಬಿಳಿ ಪರದೆ ಇಳಿಸಿ ಅಮ್ಮನ ಮದುವೆಯ ಹಳೇ ವಿಡಿಯೋ ಹಾಕಿದರು. ಪರದೆಯ ಮೇಲೆ ದಟ್ಟ ಕಪ್ಪು ಕೂದಲಿನ ಅವೆಲಿನೊ ಕಾಣಿಸಿದಾಗ ಜನ ಸಿಳ್ಳೆ ಹೊಡೆದರು. ಅವನೂ ಎದ್ದು ಬಾಗಿ ವಂದಿಸಿದ. ಪರದೆಯಲ್ಲಿ ಮಾರ್ಚು ಬಂತು, ಈಗಷ್ಟೇ ಬಾರಿಸಿದ ಅದೇ ಮಾರ್ಚು. ವಾಲ್ಟ್ಜೂ ಅದೇ. ನಡುವೆ ಕರವಸ್ತ್ರ ತೆಗೆದು ತುತ್ತೂರಿಯ ಬಾಯಿ ಒರೆಸಿದ ರೀತಿಯೂ ಅದೇ. ಪರದೆಯ ಅವೆಲಿನೊ ಕೇಕಿನ ಮುಂದೆ ಬಂದು ಮೈಕು ಹಿಡಿದ. “ಮದುಮಗನೇ...” ಎಂದದ್ದೇ ತಡ, ಇಡೀ ಸಭೆ ಒಂದೇ ಕಂಠದಿಂದ ಉಳಿದದ್ದನ್ನು ಒಪ್ಪಿಸಿತು. ಹುಚ್ಚು ನಗು. ಅಡುಗೆಯವರೂ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

ಅಷ್ಟಕ್ಕೇ ನಿಂತಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ನಗು ಇಳಿಯುವ ಹೊತ್ತಿಗೆ ಪರದೆಯ ಆ ಕಪ್ಪು ಕೂದಲಿನವನು ನಿಟ್ಟುಸಿರಿಟ್ಟು ಹೇಳಿದ: “ಏನು ಮಾಡೋದು ಸ್ವಾಮಿ, ಈಗ ಹೊಸ ಹಾಡು ಅಂತ ಯಾವುದೂ ಇಲ್ಲ. ಎಲ್ಲ ನಿಂತ ನೀರು.”

ಆಗ ಎದ್ದ ನಗೆಗೆ ಪೆಂಡಾಲಿನ ದೀಪಗಳೇ ಅಲ್ಲಾಡಿದವು. ಹಾಡಿದ್ದೇ ಹಾಡುವ ಕಿಸುಬಾಯಿ ದಾಸ ಯಾರೆಂದು ಅವೆಲಿನೊನಿಗೆ ಇನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಿಂತ ನೀರೇನೋ ಹೌದು. ಅದರಲ್ಲಿ ಇಷ್ಟು ವರ್ಷ ಎಮ್ಮೆಯ ಹಾಗೆ ಮಲಗಿದ್ದವನು ತಾನೇ.

ಮರುದಿನದಿಂದ ಅವನು ಹೊಸ ಹಾಡು ಕಟ್ಟಲು ಕೂತ. ಹಿತ್ತಿಲಿನ ಹಲಸಿನ ಮರದಡಿ ಕೂತು ಊದುವುದು, ಒಳಗಿನಿಂದ ಹೆಂಡತಿ ಸುಕೊರಿನಾ ತೀರ್ಪು ಕೊಡುವುದು.

“ಇದು ಇಗರ್ಜಿಯ ಪ್ರಾರ್ಥನೆ ಹಾಡಲ್ವ? ಶುಕ್ರವಾರದ್ದು?”

ಅವನು ಬದಲಾಯಿಸಿದ.

“ಇದು ಟೀವಿಯ ಸೋಪಿನ ಜಾಹೀರಾತಿಂದು.”

ಇನ್ನೊಂದು ಊದಿದ.

“ಇದೂ ಆ ಸೋಪಿಂದೇ. ಸ್ವಲ್ಪ ನಿಧಾನ ಮಾಡಿದ್ದೀಯ ಅಷ್ಟೆ.”

ತಲೆಯೊಳಗೆ ಬೆದಕಿದಲ್ಲೆಲ್ಲ ಬೇರೆಯವರ ಸಾಮಾನೇ ಸಿಗುತ್ತಿತ್ತು. ಇಷ್ಟು ವರ್ಷ ತಾನು ಊರ ಮಕ್ಕಳಿಗೆ ಕಟ್ಟುತ್ತಿದ್ದ ಕಳ್ಳನ ಪಟ್ಟ ತನಗೇ ಅಳತೆ ತೆಗೆದು ಹೊಲಿಸಿದ ಹಾಗೆ ಕೂರುವುದನ್ನು ಕಂಡು ಅವನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಕೊನೆಗೊಂದು ಬೆಳಗ್ಗೆ ಬ್ರೆಡ್ಡಿನ ಸೈಕಲ್ಲಿನವನು ಗೇಟಿನ ಬಳಿ ಪೊಂಯ್ ಪೊಂಯ್ ಎಂದು ಹಾರನ್ ಒತ್ತಿದ. ಅದು ಹಳೇ ಹಾರನ್ನು. ಎರಡನೆಯ ಪೊಂಯ್ ಸ್ವಲ್ಪ ಜಾರಿ ಕೆಳಗೆ ಬೀಳುತ್ತಿತ್ತು. ಅವೆಲಿನೊ ಆ ಜಾರುವಿಕೆಯನ್ನು ತುತ್ತೂರಿಯಲ್ಲಿ ಹಿಡಿದ. ಅದರ ಬಾಲ ಹಿಡಿದು ಇನ್ನೊಂದು ಸಾಲು ಬಂತು. ಸುಕೊರಿನಾ ಕಿಟಕಿಗೆ ಬಂದು ಕಿವಿಗೊಟ್ಟಳು.

“ಇದು ಯಾವುದು ಅಂತ ಗೊತ್ತಾಗ್ತಾ ಇಲ್ಲ,” ಎಂದಳು.

ಹೆಂಡತಿಯಿಂದ ಅಂಥ ಹೊಗಳಿಕೆ ಅವನಿಗೆ ಮದುವೆಯಾದ ಮೇಲೆ ಸಿಕ್ಕಿರಲಿಲ್ಲ.

ಮುಂದಿನ ಮದುವೆಯಲ್ಲಿ, ಜನ ಬೆವರಿಳಿಸಿ ಕುಣಿಯುತ್ತಿದ್ದಾಗ, ಅವನು ಮೈಕಿನಲ್ಲಿ ಹೊಸ ಹಾಡೆಂದು ಸಾರಿ ಊದಲು ಶುರುಮಾಡಿದ. ಹೆದರಿಕೆಗೆ ಮೊದಲ ಸ್ವರವೇ ಒಡೆಯಿತು. ತಾಲೀಮಿಗೆ ಬಂದಿರದ ಸ್ಯಾಕ್ಸೊಫೋನಿನ ಇನಾಸ್ ಬೇರೆ ಯಾವುದೋ ಶ್ರುತಿಯಲ್ಲಿ ಹೊರಟುಹೋದ. ಕುಣಿಯುತ್ತಿದ್ದವರು ಮುಖ ಮುಖ ನೋಡಿಕೊಂಡು, ನಾಲ್ಕು ಹೆಜ್ಜೆ ತಡವರಿಸಿ, ಒಬ್ಬೊಬ್ಬರಾಗಿ ಊಟದ ಮೇಜಿನ ಕಡೆ ನಡೆದರು. ಹಾಡು ಮುಗಿದಾಗ ಅಂಗಳದಲ್ಲಿ ಉಳಿದಿದ್ದದ್ದು ಯಾರೋ ಬಿಚ್ಚಿಟ್ಟ ಎತ್ತರದ ಹಿಮ್ಮಡಿಯ ಚಪ್ಪಲಿ ಮಾತ್ರ.

ಅಡುಗೆ ಕಂತ್ರಾಟಿನವನು ಓಡಿಬಂದ. “ಅವೆಲಿನೊ, ದಮ್ಮಯ್ಯ, ಇನ್ನೊಂದು ಸಲ ಊದಬೇಡ. ಎಲ್ರೂ ಒಟ್ಟಿಗೇ ಊಟಕ್ಕೆ ಬಿದ್ದಿದ್ದಾರೆ, ಹಂದಿ ಸೊರ್ಪೊತೆಲ್ ಸಾಲೋದಿಲ್ಲ!”

ಬದಿಯ ಕುರ್ಚಿಯಲ್ಲಿ ಕೂತಿದ್ದ ಮದುಮಗನ ಅಜ್ಜಿ ಕನಿಕರದಿಂದ ಕೇಳಿದಳು: “ಮೈಕು ಸರಿಯಾಯ್ತಾ ಮಗಾ?”

ಅವೆಲಿನೊ “ಆಯ್ತು ಅಮ್ಮಾ” ಎಂದು ಹಳೆಯ ಕುಣಿತದ ಹಾಡುಗಳ ಮಾಲೆ ಎತ್ತಿಕೊಂಡ. ಜನ ಬಾಯಲ್ಲಿ ಸಾನ್ನದ ತುತ್ತು ಇಟ್ಟುಕೊಂಡೇ ಓಡಿಬಂದು ಕುಣಿದರು. ಅವರ ಮೇಲೆ ಸಿಟ್ಟಾಗಲು ಅವನಿಗೆ ಹಕ್ಕಿರಲಿಲ್ಲ. ಇದೇ ಬೇಕೆಂದು ಅವರ ಕಾಲುಗಳನ್ನು ಪಳಗಿಸಿದವನು ಅವನೇ ತಾನೆ? ಆದರೂ ಆ ಹೆದರಿಕೆ ಅವನ ಮನಸ್ಸಿಗೆ ಹಿಡಿಸಿತು. ಟ್ರಂಪೆಟ್ ಹಿಡಿದು ಹೆದರಿ ಎಷ್ಟು ಕಾಲವಾಗಿತ್ತು!

ಮುಂದಿನ ವಾರ ಅವನು ದೋಣಿ ಶೆಡ್ಡಿಗೆ ಹೋದ. ಲಿಜ್ಮಾ ಮತ್ತು ಇಬ್ಬರು ಹುಡುಗರು ತಗಡಿನ ಮಾಡು ಕಿತ್ತುಹೋಗುವಂತೆ ಬಾರಿಸುತ್ತಿದ್ದರು. ಕಿವಿ ಮುಚ್ಚಿಕೊಳ್ಳಬೇಕೆನಿಸಿತು, ಮುಚ್ಚಿಕೊಳ್ಳಲಿಲ್ಲ. ಭಾಷಣ ಮಾಡಿದವನಿಗೆ ಅಷ್ಟು ಶಿಕ್ಷೆಯಾದರೂ ಬೇಡವೇ? ಬಾರಿಸಿ ಮುಗಿದ ಮೇಲೆ ಲಿಜ್ಮಾ ಕೇಳಿದಳು: “ಹೇಗಿತ್ತು ಅಂಕಲ್? ನಿಜ ಹೇಳಿ.”

“ನನಗೇನೂ ತಿಳೀಲಿಲ್ಲ.”

“ನಮಗೂ ಪೂರ್ತಿ ತಿಳಿದಿಲ್ಲ,” ಎಂದಳು ಅವಳು. “ಅದಕ್ಕೇ ದಿನಾ ಬರ್ತೀವಿ. ನಿಮ್ಮ ಬ್ರೆಡ್ಡಿನ ಹಾಡಿನ ಸುದ್ದಿ ಕೇಳಿದೆ. ಊದಿ ನೋಡುವಾ.”

ಅವನು ಊದಿದ. ಅವಳು ಕಡ್ಡಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯವರೆಗೆ ಕೇಳಿ, ಮೊದಲ ಭಾಗ ಪರವಾಗಿಲ್ಲ, ಎರಡನೆಯದು ಮದುವೆಮನೆಯ ಮಾರ್ಚಿನ ಹಾಗೆ ಹೆಜ್ಜೆ ಹಾಕುತ್ತಿದೆ ಎಂದು ಖಡಾಖಡಿ ಹೇಳಿದಳು. ಅವಳು ಹಾಕಿದ ತಾಳದಲ್ಲಿ ಅವನು ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ತಿಳಿಯದೆ, ಹೊರಟ ಬಸ್ಸಿನ ಹಿಂದೆ ಓಡುವವನಂತೆ ಏದುಸಿರು ಬಿಟ್ಟ. ಪಡ್ಡೆಗಳು ನಕ್ಕರು. ಅವನೂ ನಕ್ಕ. ಆಮೇಲೆ ವಾರಕ್ಕೆರಡು ಸಂಜೆ ಹೋಗತೊಡಗಿದ.

ಇದರಿಂದ ಚಿಂಚಿಣೆಯ ಸಂಗೀತ ಉದ್ಧಾರವೇನೂ ಆಗಲಿಲ್ಲ. ಮೈದಾನದಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ಮುಂಚೆ ಅವರು ಒಮ್ಮೆ ಬಾರಿಸಿದಾಗ ಕೆಲವರು ಕೂತು ಕೇಳಿದರು, ಕೆಲವರು ಪಂದ್ಯ ಯಾವಾಗ ಎಂದು ಕೂಗಿದರು. ಮದುವೆಗಳಲ್ಲಿ ಸೀಗಡಿಗಳು ಈಗಲೂ ಹಳೆಯದನ್ನೇ ಬಾರಿಸುತ್ತಾರೆ. ಕೈ ಮೇಲಾಗುವ ತಮಾಷೆಯನ್ನು ಮಾತ್ರ ಅವೆಲಿನೊ ಬಿಟ್ಟಿದ್ದಾನೆ. ಜನ ಒತ್ತಾಯಿಸಿದರೆ ಮೈಕನ್ನು ಅವರ ಕಡೆ ತಿರುಗಿಸಿ, ನೀವೇ ಹೇಳಿ ಎನ್ನುತ್ತಾನೆ.

ಮೊನ್ನೆ ಸುಕೊರಿನಾ ಹಿತ್ತಿಲಲ್ಲಿ ಬಂಗುಡೆ ಕೊಯ್ಯುತ್ತ ಅವನ ಹಾಡನ್ನು ಗುನುಗುತ್ತಿದ್ದಳು. ಅವನ ಎದೆ ಉಬ್ಬಿತು. ಆದರೆ ನಡುವೆ ಒಂದು ಕಡೆ ಅವಳು ತಪ್ಪಿದಳು.

“ಅಲ್ಲಿ ಕೆಳಗೆ ಇಳೀಬೇಕು ಕಣೇ, ನೀನು ಮೇಲೆ ಹೋಗ್ತೀಯ.”

“ಗೊತ್ತು,” ಎಂದಳು ಅವಳು, ಮೀನಿನಿಂದ ತಲೆಯೆತ್ತದೆ. “ಇಳಿದರೆ ಚೆನ್ನಾಗಿರಲಿಲ್ಲ. ಅದಕ್ಕೇ ಬದಲಾಯಿಸಿದೆ.”

ಅವೆಲಿನೊ ಒಳಗೆ ಹೋಗಿ ತುತ್ತೂರಿ ತಂದು ಅವಳ ಹಾಗೆ ಊದಿ ನೋಡಿದ. ಹಾಳಾದ್ದು, ಅದೇ ಚೆನ್ನಾಗಿತ್ತು.